ಗೇಟು ದಾಟಿದ ಅನ್ನ

ನನ್ನ ಮೊಮ್ಮಗಳಿಗೆ ಈಗ ಮಾತು ಬಂದಿದೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಸಾಕು, ಕಾಗೆ ಜೊತೆ, ಬಕೆಟ್ಟಿನ ಜೊತೆ, ನನ್ನ ಸೆರಗಿನ ಜೊತೆ, ಎಲ್ಲದರ ಜೊತೆಗೂ ಮಾತೇ. ಅಜ್ಜಿ ಅನ್ನೋಕೆ ಬರಲ್ಲ, ‘ಅಚ್ಚಿ’ ಅಂತಾಳೆ. ಅದನ್ನ ಕೇಳೋ ಆಸೆಗೆ ನಾನು ಬೇಕಂತಲೇ ಬಾಗಿಲ ಹಿಂದೆ ನಿಂತ್ಕೋತೀನಿ, ಹುಡುಕಿಕೊಂಡು ಬರಲಿ ಅಂತ. ನಮ್ಮ ಕಡೆಯವರಲ್ಲಿ ಇಷ್ಟು ಚೆಂದದ ಮೂಗು ಯಾರಿಗೂ ಇಲ್ಲ. “ಅಮ್ಮಾ, ನೀನೇ ಅವಳನ್ನ ಕೆಡಿಸ್ತಿರೋದು” ಅಂತಾಳೆ ನನ್ನ ಮಗಳು. ಕೆಡಿಸ್ತೀನಿ. ಅಜ್ಜಿ ಆಗಿರೋದು ಮತ್ಯಾಕೆ.

ಆದರೆ ಆ ಮಗು ಊಟದ ಹೊತ್ತಲ್ಲಿ ಸುಮ್ಮನೆ ಕೂತುಬಿಟ್ಟರೆ ನನಗೆ ತಡೆಯೋಕಾಗಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟು ಓಡ್ತೀನಿ. “ಏನಾಯ್ತಮ್ಮಾ ನಿಂಗೆ, ಮಗು ಸುಮ್ಮನಿದ್ರೆ ಖುಷಿ ಪಡ್ತಾರೆ ಜನ” ಅಂತ ಮಗಳು ಕೇಳಿದ್ಲು. ಅವಳಿಗೆ ಬಾಯಲ್ಲಿ ಹೇಳೋಕೆ ಆಗಲಿಲ್ಲ. ಅದಕ್ಕೆ ಬರೀತಾ ಇದೀನಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಒತ್ತು ದೀರ್ಘ ತಪ್ಪಿದ್ದರೆ ನೀವೇ ಸರಿ ಮಾಡ್ಕೊಂಡು ಓದಿ.

ಕೆ.ಆರ್. ಪುರದ ಹತ್ತಿರ ಒಂದು ಸರ್ಕಾರಿ ಶಾಲೇಲಿ ನಾನು ಬಿಸಿಯೂಟದ ಅಡುಗೆಯವಳು. ಇದು ನಡೆದದ್ದು ಮೊಮ್ಮಗಳ ಬಾಯಿಗೆ ಮೊದಲ ಅನ್ನ ಇಟ್ಟ ಬೇಸಿಗೇಲಿ. ಪಾಯಸದಲ್ಲಿ ಅನ್ನ ಕಿವುಚಿ ಬೆಳ್ಳಿ ಉಂಗುರದಲ್ಲಿ ತುಟಿಗೆ ಮುಟ್ಟಿಸಿದರೆ ಮುಖ ಹುಳ್ಳಗೆ ಮಾಡಿ, ಮತ್ತೆ ಬಾಯಿ ತೆರೆದಳು. ಕುಣಿದಾಡಿಬಿಟ್ಟೆ ನಾನು. ಅದೇ ವಾರ ಶಾಲೆಗೆ ಬೇಸಿಗೆ ರಜ ಬಿಟ್ಟರು. ಪಾತ್ರೆಗಳನ್ನ ಬೋರಲು ಹಾಕಿ ಬರೋಣ ಅಂತ ಮಾರನೇ ದಿನ ಹೋದೆ. ಗೇಟಿನ ಆಚೆ ಮಕ್ಕಳು ನಿಂತಿದ್ದರು. ಕೈಯಲ್ಲಿ ತಟ್ಟೆ.

“ರಜ ಕಣ್ರೋ” ಅಂದೆ.

“ಗೊತ್ತದ ರೀ ಆಯಿ” ಅಂದ ಒಬ್ಬ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಇವು. ಅಜ್ಜಿಯನ್ನ ಆಯಿ ಅಂತಾವೆ, ನನ್ನನ್ನೂ ಹಾಗೇ ಕರೀತಾವೆ. ಗೊತ್ತಿದ್ದೂ ಬಂದಿದ್ದವು. ನಾನು ಪಾತ್ರೆ ಬೋರಲು ಹಾಕಿ ಮುಗಿಸೋ ತನಕ ನಿಂತಿದ್ದವು, ಗಲಾಟೆ ಮಾಡದೆ.

ಹೆಡ್‌ ಮೇಡಂಗೆ ಫೋನ್‌ ಮಾಡಿದೆ. ಅವರು ಇಲಾಖೆಯಲ್ಲಿ ಕೇಳಿದರು. ಬರ ಅಂತ ಹೇಳಿದ ಊರುಗಳಲ್ಲಿ ರಜದಲ್ಲೂ ಊಟ ಹಾಕ್ತಾರಂತೆ, ಬೆಂಗಳೂರಿಗೆ ಆ ಲೆಕ್ಕ ಇಲ್ಲವಂತೆ. ಈ ಮಕ್ಕಳ ಊರಲ್ಲಿ ಊಟ ಇತ್ತು, ಮಕ್ಕಳು ಇಲ್ಲಿದ್ದರು.

ಆಮೇಲೆ ಮೇಡಂ ಹತ್ತಿರದ ಕಾಲೋನಿಯ ಸಂಘದ ಸೆಕ್ರೆಟರಿಯನ್ನ ಹಿಡಿದರು. ಇನ್ಶೂರೆನ್ಸ್‌ ಆಫೀಸಿಂದ ರಿಟೈರ್‌ ಆದವರು, ಇಸ್ತ್ರಿ ಮಾಡಿದ ಅಂಗಿ, ಜೇಬಲ್ಲಿ ಎರಡು ಪೆನ್ನು. ಅಡುಗೆಮನೆ ಬಾಗಿಲಲ್ಲೇ ನಿಂತು ಮಾತಾಡಿದರು.

“ರಜದಲ್ಲಿ ಊಟ ಹಾಕೋದು ಹೆತ್ತೋರ ಕೆಲಸ ಮೇಡಂ. ನಾವು ಹಾಕ್ತಾ ಹೋದ್ರೆ ಅವರಿಗೆ ಜವಾಬ್ದಾರಿ ಯಾವಾಗ ಬರುತ್ತೆ?”

“ಹೆತ್ತೋರು ಬಿಲ್ಡಿಂಗ್‌ ಮೇಲೆ ಇರ್ತಾರೆ ಸಾರ್, ಕತ್ತಲಾದ ಮೇಲೆ ಬರ್ತಾರೆ” ಅಂದರು ಮೇಡಂ.

“ಸರಿ, ಕೊಡ್ತೀವಿ. ಆದ್ರೆ ನಾನು ಮನೆ ಮನೆ ಕೇಳಿ ತರೋನು, ಅವರಿಗೆ ಉತ್ತರ ಹೇಳ್ಬೇಕು. ಶಾಲೆ ಮಕ್ಕಳಿಗೆ ಮಾತ್ರ. ಇಲ್ಲೇ ಕೂತು ತಿನ್ಬೇಕು. ಒಂದು ಅಗುಳು ಗೇಟು ದಾಟಬಾರದು. ದಾಟಿತು ಅಂದ್ರೆ ಅವತ್ತಿಗೆ ನಿಲ್ಲಿಸ್ತೀನಿ.”

ಕೆಟ್ಟವರಲ್ಲ ಅವರು. ಅಕ್ಕಿ, ಬೇಳೆ, ಎಣ್ಣೆ, ತರಕಾರಿ ಎಲ್ಲ ತಮ್ಮ ಸ್ಕೂಟರ್‌ ಮೇಲೆ ಹೇರಿಕೊಂಡು ಬಂದರು.

ಒಲೆ ಹಚ್ಚಿದ್ವಿ ನಾನೂ ನನ್ನ ಜೊತೆಯವಳೂ. ಅವಳು ಹಲಸೂರಿನ ತಮಿಳು ಹೆಂಗಸು, ನನಗಿಂತ ಚಿಕ್ಕವಳು, ಕೈ ಬಾಯಿ ಎರಡೂ ಜೋರು. ಮೊದಲ ದಿನವೇ ಅನ್ನ ಕೆಟ್ಟಿತು. ನಮಗೆ ಅಭ್ಯಾಸ ಇರೋದು ದಪ್ಪ ಅಕ್ಕಿ, ಇವರು ತಂದದ್ದು ಸಣ್ಣಕ್ಕಿ, ಅದೂ ಹೊಸದು. ದಿನದ ಹಾಗೆ ಎಸರಿಟ್ಟು ಮುಚ್ಚಿದೆವು. ತೆಗೆದು ನೋಡಿದರೆ ಗಂಜಿಗೂ ಅನ್ನಕ್ಕೂ ನಡುವೆ ಏನೋ ಒಂದು. ಸೌಟು ನಿಲ್ಲಿಸಿದರೆ ನಿಂತ್ಕೊಳ್ಳುತ್ತೆ.

“ಅಕ್ಕಾ, ಇದನ್ನ ಪೋಸ್ಟರ್‌ ಅಂಟಿಸೋಕೆ ಕೊಡಬಹುದು” ಅಂದಳು ಅವಳು.

ಚೆಲ್ಲೋ ಹಾಗಿಲ್ಲ, ಬಡಿಸಿದೆವು. ಆಶ್ಚರ್ಯ ಏನಂದ್ರೆ ಅವತ್ತಿನಷ್ಟು ಬೇಗ ಕೊಳಗ ಯಾವತ್ತೂ ಖಾಲಿಯಾಗಿರಲಿಲ್ಲ. ಮಾರನೇ ದಿನ ಮುಕ್ಕಾಲು ಬೆಂದ ಕೂಡಲೇ ಗಂಜಿ ಬಸಿದು, ಒದ್ದೆ ಬಟ್ಟೆ ಮುಚ್ಚಿ ದಮ್ಮು ಕಟ್ಟಿದೆ. ಮಲ್ಲಿಗೆ ಮೊಗ್ಗಿನ ಹಾಗೆ ಬಂತು. ನನಗೆ ಹೆಮ್ಮೆ. ಸಾಲಲ್ಲಿ ಕೂತ ಒಬ್ಬಳು ಹುಡುಗಿ, ಮೂರನೇ ಕ್ಲಾಸಿನವಳು, ಎಣ್ಣೆ ಕಾಣದ ಎರಡು ಜಡೆ, ಸೌಟು ತನ್ನ ತಟ್ಟೆಗೆ ಬಂದಾಗ ಮೆಲ್ಲಗೆ ಕೇಳಿದಳು: “ಆಯಿ, ನಿನ್ನಿ ಹಂಗ ಮೆತ್ತಗ ಮಾಡಂಗಿಲ್ಲೇನ್ರಿ?”

“ಹಲ್ಲು ಬಿದ್ದಿರೋದು ನನಗೋ ನಿನಗೋ?” ಅಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಊಟ ಆದ ಮೇಲೆ ನನ್ನ ಕೆಲಸ ಗೇಟಲ್ಲಿ. ಮಕ್ಕಳು ತಟ್ಟೆ ತೊಳೆದು, ಮುಂದೆ ಹಿಂದೆ ತಿರುಗಿಸಿ ತೋರಿಸಬೇಕು. ಚೀಲ ತರೋ ಹಾಗಿಲ್ಲ. ಜೇಬು ಮುಟ್ಟಿ ನೋಡಬೇಕು. ಶುರುವಲ್ಲಿ ಒಬ್ಬ ಚಡ್ಡಿ ಜೇಬಲ್ಲಿ ಅನ್ನ ತುಂಬಿಕೊಂಡು ಸಿಕ್ಕಿಬಿದ್ದ. ಸೆಕ್ರೆಟರಿಗಳು ಬೈಯಲಿಲ್ಲ, ಕೂರಿಸಿಕೊಂಡು ಬುದ್ಧಿ ಹೇಳಿದರು. ಆಮೇಲೆ ಯಾರ ಜೇಬಲ್ಲೂ ಏನೂ ಸಿಗಲಿಲ್ಲ. ಮಕ್ಕಳು ಸಾಲಾಗಿ ಬರೋದು, ತಟ್ಟೆ ತೋರಿಸೋದು, ತಲೆ ಆಡಿಸಿ ಹೋಗೋದು. ಒಂದು ಮಾತಿಲ್ಲ.

“ನೋಡಿ, ಎಂಥಾ ಶಿಸ್ತು” ಅಂದರು ಸೆಕ್ರೆಟರಿಗಳು. “ಇಂದಿರಾನಗರದ ದೊಡ್ಡ ಸ್ಕೂಲುಗಳಲ್ಲೂ ಹೀಗೆ ಸಾಲು ನಿಲ್ಲಲ್ಲ.” ನಾನೂ ಹಿಗ್ಗಿದೆ.

ಒಂದು ದಿನ ಆ ಎರಡು ಜಡೆಯ ಹುಡುಗಿ ಸಾಲಲ್ಲಿ ಬಂದಾಗ ನನ್ನ ಜೊತೆಯವಳು ಅವಳ ಗಲ್ಲ ಹಿಡಿದು ನಿಲ್ಲಿಸಿದಳು. ಎರಡೂ ಕೆನ್ನೆ ಊದಿತ್ತು.

“ಅಕ್ಕಾ, ಇಲ್ನೋಡು. ಮಂಗನಬಾವು ಇದು. ಎಷ್ಟು ದಿನದಿಂದ ಇದೆ, ನನ್ನ ಕಣ್ಣೂ?”

ಹುಡುಗಿ ಮಾತಾಡಲಿಲ್ಲ. ತಲೆ ಅಡ್ಡಡ್ಡ ಆಡಿಸಿದಳು.

“ನೋವಾ? ಬಾಯಿ ತೆಗಿ, ನೋಡ್ತೀನಿ.”

ತುಟಿ ಇನ್ನೂ ಬಿಗಿ ಮಾಡಿದಳು. ಕಣ್ಣಲ್ಲಿ ನೀರು.

“ಪಾಪ, ಬಾಯಿ ತೆಗೆಯೋಕೂ ಆಗ್ತಿಲ್ಲ” ಅಂತ ನನ್ನ ಜೊತೆಯವಳು ಅಡುಗೆಮನೆಗೆ ಓಡಿ, ಅರಿಶಿನ ಕಲಸಿಕೊಂಡು ಬಂದು ಎರಡು ಕೆನ್ನೆಗೂ ಬಳಿದಳು. ಅದೂ ಸಾಲದು ಅನಿಸಿತು ಅವಳಿಗೆ. ಅವರಲ್ಲಿ ಈ ಬಾವು ಬಂದ ಮಕ್ಕಳ ಕುತ್ತಿಗೆಗೆ ಬಂಗಾರ ಹಾಕ್ತಾರೆ, ಇಳಿಯುತ್ತೆ ಅಂತ. ತನ್ನ ಕುತ್ತಿಗೆಯ ಎಳೆ ಸರ ಬಿಚ್ಚಿ ಹುಡುಗಿಗೆ ಹಾಕಿದಳು. “ಸ್ವಲ್ಪ ಹೊತ್ತು ಇಲ್ಲೇ ನೆರಳಲ್ಲಿ ಕೂತಿರು. ನಾನು ಹೇಳೋ ತನಕ ತೆಗೀಬೇಡ.” ಹುಡುಗಿ ಗೊಂಬೆ ಥರ ನಿಂತಿತ್ತು, ಕೆನ್ನೆಗೆ ಅರಿಶಿನ, ಕುತ್ತಿಗೆಗೆ ಬಂಗಾರ, ಬಾಯಿ ಹೊಲಿದ ಹಾಗೆ. ನಾವು ಪಾತ್ರೆ ತೊಳೆದು ಬರೋಷ್ಟರಲ್ಲಿ ಅಲ್ಲಿರಲಿಲ್ಲ. ಸರವೂ ಹೋಗಿತ್ತು.

“ನಾಳೆ ತರ್ತಾಳೆ ಬಿಡು” ಅಂದೆ.

ಮಾರನೇ ದಿನ ಸೆಕ್ರೆಟರಿಗಳು ಗೇಟಲ್ಲಿ ಸಿಕ್ಕರು. “ಆ ಅರಿಶಿನದ ಹುಡುಗಿಗೆ ಮಂಗನಬಾವು ಅಂತ ಮಕ್ಕಳು ಹೇಳಿದ್ರು. ಅದು ಎಲ್ಲ ಮಕ್ಕಳಿಗೂ ಅಂಟುತ್ತೆ. ಆ ಹುಡುಗಿ ಬಂದಿದ್ಲು, ವಾಸಿಯಾಗೋ ತನಕ ಬರಬೇಡ ಅಂತ ಕಳಿಸಿದೆ” ಅಂದರು. ಅವರು ಹೇಳಿದ್ದು ಸರಿಯಾಗೇ ಇತ್ತು. ಆದರೆ ಹುಡುಗಿ ಅದರ ಮಾರನೇ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ನನ್ನ ಜೊತೆಯವಳು ಖಾಲಿ ಕುತ್ತಿಗೆ ಮುಟ್ಟಿ ಮುಟ್ಟಿ ನೋಡ್ಕೊಂಡಳು.

“ನನ್ನ ಗಂಡ ಕೇಳಿದ್ರೆ ಏನಕ್ಕಾ ಹೇಳಲಿ? ಇವರು ಇವತ್ತು ಇಲ್ಲಿ, ನಾಳೆ ಇನ್ನೊಂದು ಬಿಲ್ಡಿಂಗು.”

“ಸರ ತಗೊಂಡು ಓಡೋ ಮಗು ಅಲ್ಲ ಅದು.”

“ಮಗು ಓಡಲ್ಲ ಅಕ್ಕಾ. ಅವರಪ್ಪ ಓಡ್ತಾನೆ.”

ಎರಡು ದಿನ ಕಾದು, ಊಟ ಮುಗಿದ ಮೇಲೆ ನಾನೇ ಹುಡುಕಿಕೊಂಡು ಹೋದೆ. ರೈಲ್ವೆ ಹಳಿ ಪಕ್ಕ ಶೀಟಿನ ರೂಮುಗಳ ಸಾಲು, ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಸಿಲಿಗೆ ಒಳಗೆ ಕಾಲಿಟ್ಟರೆ ಕಾವಲಿ ಮೇಲೆ ನಿಂತ ಹಾಗೆ. ಬಾಗಿಲುಗಳಿಗೆಲ್ಲ ಚಿಲಕ ಹಾಕಿತ್ತು, ದೊಡ್ಡವರು ಕೆಲಸಕ್ಕೆ ಹೋಗಿದ್ದರು. ಕೊನೇ ರೂಮಲ್ಲಿ ಅವಳು ಕೂತಿದ್ದಳು. ಕೆನ್ನೆ ಮೇಲೆ ಅರಿಶಿನ ಒಣಗಿ ಬಿರುಕು ಬಿಟ್ಟಿತ್ತು. ತೊಳೆದಿರಲಿಲ್ಲ. ಬಾವು ಮಾತ್ರ ಇರಲಿಲ್ಲ. ಕೆನ್ನೆ ಒಳಗೆ ಹೋಗಿ ಮೂಳೆ ಕಾಣ್ತಿತ್ತು.

ನನ್ನ ನೋಡಿ ಎದ್ದವಳೇ ಫ್ರಾಕಿನ ಒಳಗಿಂದ ಸರ ಎತ್ತಿ ತೋರಿಸಿದಳು. “ಇಲ್ಲೇ ಅದ ರೀ. ಅಕ್ಕಾರು ತೆಗಿಬ್ಯಾಡ ಅಂದಿದ್ರು. ಕೊಡಾಕ ಬಂದಿದ್ನಿರಿ, ಸಾಹೇಬ್ರು ಹೋಗಂದ್ರು.”

“ಬಾವು ಯಾವಾಗ ಇಳೀತು ಮಗಳೇ?”

ಅವಳು ನೆಲ ನೋಡಿದಳು. “ಬಾವು ಅಲ್ರಿ ಆಯಿ. ಅನ್ನ.”

ನನಗೆ ತಿಳೀಲಿಲ್ಲ. ಅಷ್ಟರಲ್ಲಿ ಮೂಲೆಯ ಕೌದಿ ಅಲುಗಾಡಿತು. ಅದರೊಳಗಿಂದ ಒಂದು ಗಂಡು ಮಗು ಎದ್ದು ಬಂತು. ನನ್ನ ಮೊಮ್ಮಗಳಿಗಿಂತ ವರ್ಷಕ್ಕಾದರೂ ದೊಡ್ಡದು, ಆದರೆ ಮೈಯಲ್ಲಿ ಅವಳಷ್ಟೂ ಇಲ್ಲ. ನನ್ನ ಕಡೆ ನೋಡಲೂ ಇಲ್ಲ. ಅಕ್ಕನ ಮಡಿಲು ಹತ್ತಿ, ಅವಳ ತುಟಿ ಹಿಡಿದು ಎರಡು ಕಡೆಗೂ ಎಳೆದು, ಬೆರಳು ಒಳಗೆ ಹಾಕಿ ತಡಕಾಡಿತು. ಒಂದು ಕೆನ್ನೆ ಆಯಿತು. ಇನ್ನೊಂದು ಕೆನ್ನೆ ನೋಡಿತು. ಏನೂ ಸಿಗದೆ ಇದ್ದಾಗ ಅಳಲೂ ಇಲ್ಲ. ಮತ್ತೆ ಮೊದಲ ಕೆನ್ನೆಗೆ ಬೆರಳು ಹಾಕಿತು.

“ಇಲ್ಲೋ, ಇವತ್ತ ಇಲ್ಲ” ಅಂತ ಅವಳು ಬೆರಳು ಬಾಯಲ್ಲಿ ಇರೋ ಹಾಗೇ ಹೇಳಿದಳು.

ಗೇಟಲ್ಲಿ ನಿಂತವಳು ನಾನು. ತಟ್ಟೆ ನೋಡಿದ್ದೆ, ಜೇಬು ಮುಟ್ಟಿದ್ದೆ. ಮೆತ್ತಗೆ ಮಾಡಿ ಅಂತ ಅವಳು ಕೇಳಿದ್ದು ಯಾರಿಗೆ ಅಂತ ಆಗ ಹೊಳೀತು. ಅಂಗಡಿಯಿಂದ ಬನ್ನು, ಹಾಲು ತಂದುಕೊಟ್ಟು, ಸರ ಬಿಚ್ಚಿಸಿಕೊಂಡು, ನಾಳೆ ತಪ್ಪದೆ ಬಾ ಅಂತ ಹೇಳಿ ಬಂದೆ. ಮನೇಲಿ ಮೊಮ್ಮಗಳು ನನ್ನ ಕಂಡ ಕೂಡಲೇ ಕೈ ಚಾಚಿದಳು. ಎತ್ತಿಕೊಂಡೆ. ಅವಳು ಆಟಕ್ಕೆ ನನ್ನ ತುಟಿ ಹಿಡಿದಳು. ಇಳಿಸಿಬಿಟ್ಟೆ. ಮಗಳು ನನ್ನನ್ನೇ ನೋಡಿದಳು.

ಬೆಳಿಗ್ಗೆ ಹೆಡ್‌ ಮೇಡಂಗೂ ಸೆಕ್ರೆಟರಿಗೂ ಹೇಳಿದೆ. ಸೆಕ್ರೆಟರಿಗಳು ಕನ್ನಡಕ ತೆಗೆದು ಒರೆಸಿದರು.

“ಕಷ್ಟವೇ. ಆ ಮನೆಗೆ ನಾನು ಬೇರೆ ಏನಾದ್ರೂ ಮಾಡ್ತೀನಿ. ಆದ್ರೆ ಒಂದು ಹುಡುಗಿ ಮಾಡಿದ್ದಕ್ಕೆ ಎಲ್ಲರ ರೂಲ್ಸು ಬದಲಾಯಿಸೋಕಾಗಲ್ಲಮ್ಮ. ಇವತ್ತು ತಮ್ಮ ಬರ್ತಾನೆ, ನಾಳೆ ಚಿಕ್ಕಪ್ಪ ಬರ್ತಾನೆ.”

“ಹಂಗಾದ್ರೆ ನಾನು ಅಡುಗೆ ಮಾಡ್ತೀನಿ ಸಾರ್. ಗೇಟಲ್ಲಿ ನಿಲ್ಲಲ್ಲ.”

ಅದು ನನ್ನ ಬಾಯಿಂದಲೇ ಬಂತಾ ಅಂತ ನನಗೇ ಅನುಮಾನ. ಈ ಶಾಲೇಲಿ ಇಷ್ಟು ವರ್ಷದಲ್ಲಿ ಹೇಳಿದ ಕೆಲಸಕ್ಕೆ ಆಗಲ್ಲ ಅಂದವಳಲ್ಲ.

“ಯಾರೂ ನಿಲ್ಲದೆ ಇದ್ರೆ ನಾಳೆಯಿಂದ ಸಾಮಾನು ಬರಲ್ಲ” ಅಂದರು ಅವರು. ಗಟ್ಟಿಯಾಗಿ ಅನ್ನಲಿಲ್ಲ.

“ಅದನ್ನ ಮಕ್ಕಳಿಗೆ ನೀವೇ ಹೇಳಿ ಸಾರ್. ಇವತ್ತಿನದಂತೂ ಇದೆಯಲ್ಲ.”

ನನ್ನ ಜೊತೆಯವಳು ಹಿಂದಿಂದ ಸೆರಗು ಎಳೀತಿದ್ದಳು. ಸಾಮಾನು ನಿಂತರೆ ಎಲ್ಲ ಮಕ್ಕಳ ಊಟವೂ ಹೋಯ್ತು, ನನ್ನ ಹಟದಿಂದ. ಬೇಳೆ ಕುದಿಯೋವಾಗ ಉಪ್ಪು ಹಾಕಿದೆನೋ ಇಲ್ಲವೋ ಅಂತ ಮತ್ತೆ ಮತ್ತೆ ರುಚಿ ನೋಡಿದೆ. ಅನ್ನಕ್ಕೆ ಮಾತ್ರ ನೀರು ಜಾಸ್ತಿ ಇಟ್ಟೆ. ಗಂಜಿ ಬಸಿಯಲಿಲ್ಲ. ಮೊದಲ ದಿನದ ಹಾಗೆ ಮೆತ್ತಗೆ ಬೇಯಿಸಿದೆ. “ಬೇಕಂತಲೇ ಕೆಡಿಸ್ತಿದೀಯಾ ಅಕ್ಕಾ?” ಅಂದಳು ಅವಳು. ಹೂಂ ಅಂದೆ.

ಊಟ ಆದ ಮೇಲೆ ಸೆಕ್ರೆಟರಿಗಳೇ ಹೋಗಿ ಗೇಟಲ್ಲಿ ನಿಂತರು. ನಾನು ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ. ಅವರು ತಟ್ಟೆ ನೋಡಲಿಲ್ಲ. ಪ್ರತಿಯೊಂದು ಮಗುವನ್ನೂ ನಿಲ್ಲಿಸಿ, ಬಗ್ಗಿ, ಹೆಸರು ಕೇಳಿದರು. ಮೊದಲನೇ ಹುಡುಗ ಹೆಸರು ಹೇಳಿ ಓಡಿದ. ಎರಡನೆಯವನೂ ಹೇಳಿದ. ಅವರು ನನ್ನ ಕಡೆ ತಿರುಗಿ, ನೋಡಿದ್ರಾ ಅನ್ನೋ ಹಾಗೆ ಕೈ ಮಾಡಿದರು. ಮೂರನೆಯವಳು ಒಂದು ಗುಂಡಗಿನ ಹುಡುಗಿ. ಹೇಳಲಿಲ್ಲ.

“ಹೆಸರೇನು ಪುಟ್ಟಿ?”

ತಟ್ಟೆ ಎತ್ತಿ ತೋರಿಸಿದಳು.

“ತಟ್ಟೆ ಬೇಡಮ್ಮ, ಹೆಸರು.”

ತಟ್ಟೆ ಹಿಂದೆ ತಿರುಗಿಸಿ ತೋರಿಸಿದಳು. ಅವರು ಸರಿದು ದಾರಿ ಬಿಟ್ಟರು. ಅವಳ ಹಿಂದಿನವನೂ ಹೇಳಲಿಲ್ಲ. ಅವನ ಹಿಂದೆ ಅಣ್ಣ ತಂಗಿ ಇಬ್ಬರು, ಇಬ್ಬರೂ ಇಲ್ಲ. ಎಲ್ಲರೂ ಹಾಗಲ್ಲ, ನಡುನಡುವೆ ಕೆಲವರು ಹೆಸರು ಹೇಳಿದರು, ಒಬ್ಬ ಅಪ್ಪನ ಹೆಸರೂ ಸೇರಿಸಿ ಹೇಳಿದ. ಆದರೆ ಬಾಯಿ ತೆರೆಯದ ಮಕ್ಕಳು ಬರ್ತಾನೇ ಇದ್ದರು. ನನಗೂ ಗೊತ್ತಿರಲಿಲ್ಲ ಇಷ್ಟು ಜನ ಅಂತ. ಕೊನೆಯಲ್ಲಿ ಒಂದನೇ ಕ್ಲಾಸಿನ ಒಬ್ಬ ಚೋಟುದ್ದದವನು. “ಹೆಸರು ಹೇಳೋ ರಾಜ” ಅಂದರು ಸೆಕ್ರೆಟರಿಗಳು. ಆ ಹೊತ್ತಿಗೆ ಅವರ ದನಿ ಬೇಡಿಕೊಳ್ಳೋ ಹಾಗಿತ್ತು. ಹುಡುಗ ಉಸಿರು ಬಿಗಿ ಹಿಡಿದು ನಿಂತ. ಕಣ್ಣು ಕೆಂಪಾಯ್ತು. ತುಟಿ ಅಂಚಿಂದ ಒಂದು ಅಗುಳು ಹೊರಗೆ ಬಂತು. ಅವನು ಅದನ್ನ ಬೆರಳಲ್ಲಿ ಒಳಗೆ ತಳ್ಳಿದ.

ಸೆಕ್ರೆಟರಿಗಳು ಗೇಟಿನ ಎರಡೂ ಬಾಗಿಲು ತೆಗೆದರು. ಮಕ್ಕಳು ನೀರಿನ ಟ್ಯಾಂಕರ್‌ ನಿಲ್ಲಿಸೋ ಸಂದಿಗೆ ಓಡಿದರು. ಅಲ್ಲಿ ಚಿಕ್ಕ ಚಿಕ್ಕ ಮಕ್ಕಳು ಕುಕ್ಕರಗಾಲಲ್ಲಿ ಕೂತಿದ್ದವು, ಬಾಯಿ ತೆರೆದುಕೊಂಡು. ಅವರು ಅಲ್ಲಿ ತನಕ ಹೋಗಿ, ಸಂದಿಯ ಬಾಯಲ್ಲಿ ನಿಂತು, ವಾಪಸ್‌ ಬಂದರು. ಅಡುಗೆಮನೆ ಮೆಟ್ಟಿಲ ಮೇಲೆ ಕೂತರು. ಇಸ್ತ್ರಿ ಅಂಗಿಗೆ ಮಸಿ ಆಗ್ತಿತ್ತು, ನೋಡಲಿಲ್ಲ.

“ಇದನ್ನ ನಾನು ಶಿಸ್ತು ಅಂದೆ ಅಲ್ವಾಮ್ಮ” ಅಂದರು.

ನಾನು ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, “ಮನೆಗೆ ಕೊಟ್ಟು ಕಳಿಸೋದು ಬೇಡ. ಈ ಬಿಸಿಲಿಗೆ ಕೆಡುತ್ತೆ, ಯಾರಿಗಾದ್ರೂ ಏನಾದ್ರೂ ಆದ್ರೆ ಎಲ್ಲ ನಿಂತುಹೋಗುತ್ತೆ” ಅಂದರು. “ಆ ಚಿಕ್ಕವುಗಳನ್ನೂ ಒಳಗೇ ಕೂರಿಸಿ. ಅಕ್ಕಿ ನಾನು ನೋಡ್ಕೋತೀನಿ.”

ರಜದಲ್ಲಿ ಬಡವರ ಮಕ್ಕಳಿಗೆ ಊಟ ಹಾಕಬೇಕಾ ಬೇಡವಾ ಅಂತ ದೊಡ್ಡವರು ಈಗಲೂ ಮಾತಾಡ್ತಾರೆ, ಹೆತ್ತೋರು ಸೋಮಾರಿ ಆಗ್ತಾರಾ ಅಂತ. ಆ ಹುಡುಗಿಯ ತಾಯಿಯನ್ನ ನಾನು ಆಮೇಲೆ ಕಂಡೆ. ಸಿಮೆಂಟಿಗೆ ಬೆರಳಿನ ಚರ್ಮ ಸುಲಿದು ಹೋಗಿತ್ತು. ಜವಾಬ್ದಾರಿ ಕಲಿಸೋಕೆ ಅವಳಲ್ಲಿ ಜಾಗ ಎಲ್ಲಿದೆ ಅಂತ ನನಗೆ ಕಾಣಲಿಲ್ಲ. ಹಾಕಬೇಕು. ರಜದಲ್ಲೇ ಹೆಚ್ಚು ಹಾಕಬೇಕು, ಶಾಲೆ ಇದ್ದಾಗ ಮಕ್ಕಳು ಒಂದು ಕಡೆಯಾದರೂ ಕಣ್ಣಿಗೆ ಬೀಳ್ತಾರೆ. ಇದಕ್ಕಿಂತ ದೊಡ್ಡ ಮಾತು ನನಗೆ ಬರಲ್ಲ.

ಚಿಕ್ಕವು ಒಳಗೆ ಬಂದ ದಿನ ವರಾಂಡದಲ್ಲಿ ಗಲಾಟೆಯೋ ಗಲಾಟೆ. ಒಂದು ಅಳುತ್ತೆ, ಒಂದು ಸಾರಲ್ಲಿ ಕೈ ಅದ್ದುತ್ತೆ. ನನ್ನ ಜೊತೆಯವಳು ಎಲ್ಲವನ್ನೂ ಬೈದುಕೊಂಡೇ ಬಾಯಿ ಒರೆಸ್ತಿದ್ದಳು, ಸರ ಸೆರಗಿನೊಳಗೆ ಭದ್ರ. ಹೆಡ್‌ ಮೇಡಂ ಒಂದನ್ನ ಎತ್ತಿಕೊಂಡು ತಿನ್ನಿಸ್ತಿದ್ದರು. ಆ ಎರಡು ಜಡೆಯವಳು ತಮ್ಮನನ್ನ ಪಕ್ಕಕ್ಕೆ ಕೂರಿಸಿಕೊಂಡಿದ್ದಳು. ಅವನ ಮುಂದೆ ಬೇರೆ ತಟ್ಟೆ ಇಟ್ಟು ಮೆತ್ತನೆ ಅನ್ನ, ಬೇಳೆ ಹಾಕಿದೆ. ಅವನು ತಟ್ಟೆ ನೋಡಿದ, ಕೈ ಇಟ್ಟ, ಬಾಯಿಗೆ ಹಾಕಿಕೊಂಡ. ನನಗೆ ಎಷ್ಟು ಸಂತೋಷ ಆಯ್ತು ಅಂದ್ರೆ ಸೌಟಲ್ಲಿದ್ದ ಸಾರು ಕೆಳಗೆ ಸುರೀತಿತ್ತು, ಗೊತ್ತಾಗಲಿಲ್ಲ.

ಆಮೇಲೆ ಅವಳನ್ನ ನೋಡಿದೆ. ಕೆನ್ನೆ ತುಂಬಿತ್ತು. ಅಗಿಯುತ್ತಿರಲಿಲ್ಲ. ಕಣ್ಣು ಗೇಟಿನ ಕಡೆ.

“ನುಂಗವ್ವಾ” ಅಂದೆ. “ಅವನು ತಿಂತಿದಾನೆ ನೋಡು, ಇಲ್ಲೇ ಇದಾನೆ.”

ತಮ್ಮನನ್ನ ನೋಡಿದಳು. ಅವನ ತಟ್ಟೆ ನೋಡಿದಳು. ನನ್ನ ಕೈಯಲ್ಲಿದ್ದ ಸೌಟು ನೋಡಿದಳು. ಆದರೂ ನುಂಗಲಿಲ್ಲ. ಆಚೆ ಸಾಲಿಂದ ಮಕ್ಕಳು ಅನ್ನಕ್ಕೆ ಕೂಗ್ತಿದ್ದರು. ನಾನು ಅವಳ ಗಂಟಲ ಮೇಲೆ ಕಣ್ಣಿಟ್ಟು ಅಲ್ಲೇ ನಿಂತಿದ್ದೆ.